ಸ್ವಿಚ್ಚಿಗೆ ಯಾರೂ ಕೈ ಹಾಕಬಾರದು

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮರದ ಹುಡಿ ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ‘ಇಷ್ಟು ವರ್ಷ ಏನೂ ಮಾಡದ ಹುಡಿ ಈಗೇನು ಮಾಡೀತು’ ಎಂದು ಹಾಗೇ ಗರಗಸ ಹಿಡಿಯುತ್ತೀಯೋ? ನಿನ್ನ ಕೋಣೆಯ ಗೊರಕೆ ಮಹಾಶಯರ ಪಕ್ಕದಿಂದ ಹಾಸಿಗೆ ಬದಲಾಯಿಸಿಕೊಂಡೆಯಂತೆ, ಓದಿ ಅಮ್ಮ ನಕ್ಕಳು. ನಿನ್ನ ಗೊರಕೆಗೆ ಪಾಪ ಅವರು ಯಾರ ಹತ್ತಿರ ದೂರಬೇಕೋ ಎಂದಳು. ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕ ಬದಲಾಯಿಸಿದ ಮೇಲೆ ಮನೆಯ ಮೂಲೆಮೂಲೆಯ ಧೂಳೆಲ್ಲ ಅವಳ ಕಣ್ಣಿಗೆ ಬೀಳುತ್ತಿದೆ. ಅದರ ಶಿಕ್ಷೆ ಮಾತ್ರ ನನಗೆ.

ನಿನ್ನ ಕಾಗದ ಬಂತು. ಫೋನಿನಲ್ಲಿ ಈ ವಿಷಯ ಎತ್ತಿದರೆ ಇಬ್ಬರೂ ಕೂಗಾಡಿ ಇಟ್ಟುಬಿಡುತ್ತೇವೆ, ಅದಕ್ಕೇ ನೀನು ಬರೆದೆ, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ‘ಹೋಗಿ ಸಾಹೇಬರ ಹತ್ತಿರ ತಪ್ಪಾಯಿತು ಅಂದುಬಿಡು, ದೊಡ್ಡವರ ಮುಂದೆ ತಲೆ ತಗ್ಗಿಸಿದರೆ ತಲೆಯೇನೂ ಉದುರಿ ಹೋಗಲ್ಲ’ ಎಂದು ಬರೆದಿದ್ದೀಯ. ಅವರ ಕಟ್ಟಡದಲ್ಲೇ ನೀನು ಬಾಗಿಲು ಕೂರಿಸುತ್ತಿರುವಾಗ ಮಗಳು ಅವರ ಆಫೀಸಿನಿಂದ ಎದ್ದು ಬಂದದ್ದು ನಿನಗೆ ಎಷ್ಟು ಮುಜುಗರ ಎನ್ನುವುದು ನನಗೆ ಗೊತ್ತು. ಆದರೂ ಹೋಗುವುದಿಲ್ಲ ಅಪ್ಪ. ನೀನು ಯಾರ ಬಾಯಿಂದ ಏನು ಕೇಳಿದ್ದೀಯೋ ತಿಳಿಯದು, ನಡೆದದ್ದು ಇಷ್ಟು. ಆಸ್ಪತ್ರೆ ಕಟ್ಟಿಸುವವರು ನಕ್ಷೆ ನೋಡಲು ಬಂದಿದ್ದರು. ಸ್ಟ್ರೆಚರ್ ತಿರುಗುವಷ್ಟು ಜಾಗ ಬಿಟ್ಟು ವಾರ್ಡಿನ ಕಾರಿಡಾರನ್ನು ನಾನು ಎಷ್ಟು ಸಲ ಅಳಿಸಿ ಬರೆದಿದ್ದೆನೋ. ಅವರಲ್ಲಿ ಒಬ್ಬಾಕೆ, ಡಾಕ್ಟರ್ ಇರಬೇಕು, ‘ಇದನ್ನು ಯೋಚನೆ ಮಾಡಿ ಬರೆದವರು ಯಾರು?’ ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದೆ. ಸಾಹೇಬರು ನನ್ನ ಕಡೆ ನೋಡದೆ, ‘ಯಾರು ಬರೀತಾರೆ ಮೇಡಂ, ಎಲ್ಲ ನಮ್ಮ ಮೆಷಿನ್ನೇ ಮಾಡುತ್ತೆ, ಇವಳು ಬರೀ ಗುಂಡಿ ಒತ್ತೋಳು’ ಎಂದರು. ನಾನು ಕುರ್ಚಿಯ ಮೇಲಿದ್ದ ನನ್ನ ಚೀಲ ತೆಗೆದುಕೊಂಡು, ‘ಹಾಗಿದ್ದರೆ ನಾಳೆಯಿಂದ ಮೆಷಿನ್ನೇ ಬರಲಿ’ ಎಂದು ಹೇಳಿ ಹೊರಟೆ. ಕೂಗಲಿಲ್ಲ, ಬೈಯಲಿಲ್ಲ. ಇದಕ್ಕೆ ಯಾವ ತಪ್ಪು ಒಪ್ಪಿಕೊಳ್ಳಲಿ ಹೇಳು.

ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿದ್ದೆ. ಮೆಷಿನ್ ಅವರದಾದರೆ ತಾನೇ ಈ ಮಾತು? ನನ್ನ ಮೆಷಿನ್ನನ್ನು ನಾನೇ ಕಟ್ಟುತ್ತೇನೆ, ಅದರ ಒಂದೊಂದು ಮೊಳೆಯೂ ನನಗೆ ಗೊತ್ತಿರಬೇಕು. ಮನೆಯಲ್ಲಿ ಹೇಳಿದಾಗ ಅಮ್ಮ ಊಟದ ಮೇಜನ್ನು ನನಗೆ ಬಿಟ್ಟುಕೊಟ್ಟಳು. ಮಾಮ ಮಾತ್ರ, ನಿನ್ನ ಭಾವನನ್ನು ಕೇಳಬೇಕೇ, ಹಿಡಿದ ಮೊಲಕ್ಕೆ ಮೂರೇ ಕಾಲು. ಟೀವಿ ರಿಪೇರಿ ಮಾಡುವವರ ಮುಂದೆ ನಾನು ಕಂಪ್ಯೂಟರ್ ಬಿಡಿಭಾಗ ಆರಿಸುವುದೇ? ರೆಡಿ ಇರೋದು ತಗೋ ಎಂದು ಗಂಟೆಗಟ್ಟಲೆ ಭಾಷಣ ಮಾಡಿದರು. ನಾನು ಬಗ್ಗದಿದ್ದಾಗ ಮರುದಿನ ಒಂದು ಕವರಿನ ತುಂಬ ಹಳೆಯ ಮೆಮೊರಿ ತಂದು ಮೇಜಿನ ಮೇಲೆ ಸುರಿದರು. ಯಾವುದೋ ಆಫೀಸು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವಾಗ ಕಿತ್ತುಕೊಂಡದ್ದಂತೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜಾತಿ ನಮ್ಮ ಮಾಮನದು, ನಿನಗೆ ಗೊತ್ತೇ ಇದೆ.

ಮೆಮೊರಿ ಎಂದರೆ ಏನು ಎಂದು ನೀನು ಕೇಳುತ್ತೀಯ. ನಿನ್ನ ಕೆಲಸದ ಮೇಜು ಇದೆಯಲ್ಲ, ಹಾಗೆ. ಮರವೆಲ್ಲ ಗೋದಾಮಿನಲ್ಲಿದ್ದರೂ ಈಗ ಉಜ್ಜಬೇಕಾದ ಹಲಗೆ ಮೇಜಿನ ಮೇಲೇ ಇರಬೇಕು. ಮೇಜು ಚಿಕ್ಕದಾದರೆ ಒಂದನ್ನು ಇಳಿಸಿ ಇನ್ನೊಂದನ್ನು ಹತ್ತಿಸುವುದರಲ್ಲೇ ದಿನ ಮುಗಿಯುತ್ತದೆ. ದೊಡ್ಡ ಕಟ್ಟಡದ ನಕ್ಷೆ ತೆರೆದಾಗ ಆಫೀಸಿನ ಮೆಷಿನ್ ಏದುಸಿರು ಬಿಡುತ್ತಿದ್ದದ್ದು ಇದಕ್ಕೇ. ಇರುವುದು ಮುಕ್ಕಾಲು ಗೇಣಿನ ಹಸಿರು ಪಟ್ಟಿ, ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ನಡುವೆ ಒಂದು ಕಚ್ಚು. ಆ ಕಚ್ಚಿನಲ್ಲೇ ಎಲ್ಲ ಇರುವುದು. ಹಳೆಯ ತಲೆಮಾರಿನ ಮೆಮೊರಿಗೆ ಕಚ್ಚು ಒಂದು ಕಡೆ, ಹೊಸದಕ್ಕೆ ಕೂದಲೆಳೆಯಷ್ಟು ಆಚೆ. ಎಲ್ಲ ಬಿಡಿಭಾಗ ಕೂರುವ ಮೂಲ ಹಲಗೆ, ಅಂದರೆ ನಾನು ಆರಿಸಿ ತಂದಿದ್ದ ಮದರ್‌ಬೋರ್ಡು ಹೊಸದನ್ನೇ ಬೇಡುವಂಥದು. ಮಾಮ ತಂದದ್ದು ಎಲ್ಲವೂ ಹಳೆಯದು. ಅವುಗಳ ಕಚ್ಚನ್ನೂ ಬೋರ್ಡಿನ ಮನೆಯನ್ನೂ ಎದುರೆದುರು ಹಿಡಿದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಇಷ್ಟೇ ತಾನೇ? ಅರ ತಗೊಂಡು ಒಂಚೂರು ಉಜ್ಜಿದ್ರೆ ಕೂತ್ಕೊಳ್ಳುತ್ತೆ ಬಿಡು’ ಎಂದರಪ್ಪ! ಎಂದದ್ದಷ್ಟೇ ಅಲ್ಲ, ನಿನ್ನ ಪೆಟ್ಟಿಗೆಯಿಂದ ಸಣ್ಣ ಅರ ತೆಗೆದೂ ಬಿಟ್ಟರು. ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಹಿರಿಯರ ಕೈಯಿಂದ ಕಿತ್ತುಕೊಳ್ಳುವುದು ಮರ್ಯಾದೆಯಲ್ಲ ಎನ್ನುತ್ತೀಯ. ಇರಬಹುದು. ಆದರೆ ಕಚ್ಚು ಸರಿಹೋದರೂ ಒಳಗೆ ಕರೆಂಟು ಹರಿಯುವ ದಾರಿಯೇ ಬೇರೆ, ಬೋರ್ಡೇ ಸುಟ್ಟುಹೋಗುತ್ತಿತ್ತು. ಮಾಮ ಕೋಪಿಸಿಕೊಂಡು ಚಹಾ ಕುಡಿಯದೆ ಹೋದರು.

ಅಂಗಡಿಯಲ್ಲಿ ಇನ್ನೊಂದು ಯುದ್ಧ. ಅಂಗಡಿಯವನು ನನ್ನನ್ನು ನೋಡಿದವನೇ, ‘ಮನೆಯವರು ಯಾರಾದ್ರೂ ಬರ್ತಾರಾ ಮೇಡಂ?’ ಎಂದ. ‘ಮನೆಯವಳೇ ಬಂದಿದ್ದೇನೆ, ತೋರಿಸಿ’ ಎಂದೆ. ಬಣ್ಣಬಣ್ಣದ ದೀಪ ಮಿನುಗುವ ನಾಲ್ಕು ಮೆಮೊರಿ ಎತ್ತಿಟ್ಟು, ‘ಎಲ್ಲಕ್ಕಿಂತ ಸ್ಪೀಡು, ನಾಲ್ಕೂ ಹಾಕಿ’ ಎಂದ. ನಾನು ಬೋರ್ಡಿನ ಕಂಪನಿಯವರೇ ಪರೀಕ್ಷೆ ಮಾಡಿ ಒಪ್ಪಿದ ಮೆಮೊರಿಗಳ ಪಟ್ಟಿಯನ್ನು ಮುದ್ರಿಸಿಕೊಂಡೇ ಹೋಗಿದ್ದೆ. ಅವನ ದೀಪಾಲಂಕಾರ ಅದರಲ್ಲಿ ಇರಲಿಲ್ಲ. ನಾಲ್ಕು ತುಂಬಿಸಿದರೆ ಈ ಬೋರ್ಡು ವೇಗ ತಗ್ಗಿಸುತ್ತದೆ, ನನಗೆ ಎರಡು ದೊಡ್ಡವು ಸಾಕು. ಮೇಲಾಗಿ ಅವು ಎಷ್ಟು ಎತ್ತರವೆಂದರೆ ಪ್ರೊಸೆಸರಿನ ಫ್ಯಾನಿಗೆ ತಲೆ ತಾಗುತ್ತವೆ. ಪಟ್ಟಿಯಲ್ಲಿದ್ದ ಒಂದರ ಹೆಸರು ಹೇಳಿದೆ. ಒಳಗೆ ಹೋಗಿ ಒಂದನ್ನು ಆ ಕಂಪನಿಯದು, ಇನ್ನೊಂದನ್ನು ಬೇರೆ ಕಂಪನಿಯದು ಬಿಡಿಬಿಡಿಯಾಗಿ ತಂದು, ‘ಎರಡೂ ಒಂದೇ ಮೇಡಂ’ ಎಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ, ನನಗೆ ಒಂದೇ ಪೊಟ್ಟಣದಲ್ಲಿ ಜೊತೆಯಾಗಿ ಬಂದದ್ದೇ ಬೇಕು ಎಂದು ಕೌಂಟರಿನ ಮುಂದೆ ನಿಂತುಬಿಟ್ಟೆ. ಹಿಂದೆ ಜನ ಗೊಣಗಿದರು. ಗೊಣಗಲಿ. ನೀನು ಒಂದೇ ಬಾಗಿಲಿಗೆ ಎರಡು ಥರದ ಕೀಲು ಹಾಕಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಕೊನೆಗೆ ಗೋದಾಮಿನಿಂದ ಸೀಲು ಒಡೆಯದ ಜೋಡಿ ಬಂತು. ಮುಖ ಗಂಟುಹಾಕಿಕೊಂಡೇ ಬಿಲ್ ಕೊಟ್ಟ.

ಕಟ್ಟಿದ್ದು ನಿನ್ನೆ ಬೆಳಿಗ್ಗೆ, ಊಟದ ಮೇಜಿನ ಮೇಲೆ. ಮಾಮ ಕೋಪ ಮರೆತು ಬಂದಿದ್ದರು, ಅಥವಾ ನಾನು ಸೋಲುವುದನ್ನು ನೋಡಲು ಬಂದಿದ್ದರು. ಮೇಲಿನ ಮನೆಯ ಪಿಂಚಣಿ ತಾತನೂ ಕುರ್ಚಿ ಎಳೆದುಕೊಂಡು ಕೂತರು. ಎರಡೇ ಮೆಮೊರಿ ಇದ್ದರೆ ಪಕ್ಕಪಕ್ಕ ಹಾಕಬಾರದು, ಬೋರ್ಡಿನ ನಾಲ್ಕು ಮನೆಗಳಲ್ಲಿ ಎರಡನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ ಕೂರಿಸಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಎಂದು ಕೊಂಡಿ ಬಿದ್ದ ಸದ್ದಿದೆಯಲ್ಲ, ನೀನು ಹದವಾಗಿ ಕೆತ್ತಿದ ಚೌಕಟ್ಟಿಗೆ ಬಾಗಿಲು ಕೂರುವ ಸದ್ದು ಅದು. ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು.

ಕಾದೆವು. ಕಪ್ಪೇ. ಪಿಂಚಣಿ ತಾತ ಗಂಟಲು ಸರಿಮಾಡಿಕೊಂಡರು. ‘ಹೋಯ್ತು, ಸುಟ್ಟೋಯ್ತು, ಆಫ್ ಮಾಡು ಮೊದಲು’ ಎಂದು ಮಾಮ ಎದ್ದರು. ಹೊಸ ತಲೆಮಾರಿನ ಮೆಮೊರಿ ಮೊದಲ ಸಲ ಬೋರ್ಡಿನ ಜೊತೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಪರದೆ ಕಪ್ಪಾಗಿಯೇ ಇರಬಹುದು, ನಡುವೆ ಆರಿಸಬೇಡಿ ಎಂದು ಬೋರ್ಡಿನ ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಹೇಳಿದೆ. ಹೇಳುವಾಗ ಧ್ವನಿ ಗಟ್ಟಿಯಾಗಿತ್ತು ಅಪ್ಪ, ಆದರೆ ಪುಸ್ತಕದ ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದೆ. ಓದಿದ್ದು ಬೇರೆ, ಕಣ್ಣೆದುರು ಕಪ್ಪು ಪರದೆ ನೋಡುತ್ತ ಕೂರುವುದು ಬೇರೆ. ಸಾಹೇಬರ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮಾಮ ತಾಳಲಾರದೆ ಗೋಡೆಯ ಸ್ವಿಚ್ಚಿಗೆ ಕೈಹಾಕಲು ಹೋದರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನೇರ ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ತನ್ನ ಅಣ್ಣನ ಮುಂದೆ ಎಂದೂ ದನಿ ಎತ್ತದವಳು, ‘ಅಣ್ಣಾ, ಅವಳು ಹೇಳೋ ತನಕ ಇದಕ್ಕೆ ಯಾರೂ ಕೈ ಹಾಕಬಾರದು. ನೀನು ಕೂಡ’ ಎಂದಳು. ಮಾಮ ಚಾಚಿದ ಕೈ ಹಿಂತೆಗೆದು ಕುರ್ಚಿಯಲ್ಲಿ ಕೂತರು. ನನಗಂತೂ ಕಣ್ಣು ಮಂಜಾಯಿತು. ಅಷ್ಟರಲ್ಲಿ ಮೆಷಿನ್ ತಾನೇ ಒಮ್ಮೆ ನಿಂತು, ಎಲ್ಲರ ಜೀವ ಬಾಯಿಗೆ ತಂದು, ಮತ್ತೆ ಶುರುವಾಯಿತು. ಪರದೆ ಬೆಳಗಿತು. ಎರಡೂ ಮೆಮೊರಿ ಲೆಕ್ಕಕ್ಕೆ ಸಿಕ್ಕಿದ್ದವು. ವೇಗ ಮಾತ್ರ ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ಅದಕ್ಕೂ ಒಂದು ಸೆಟ್ಟಿಂಗ್ ಇದೆ, ಬದಲಾಯಿಸಿದೆ, ಸರಿಯಾಯಿತು. ಸಂಜೆಯ ತನಕ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದು ದೋಷವೂ ಬರಲಿಲ್ಲ. ‘ನಾನೂ ಅದನ್ನೇ ಹೇಳ್ತಿದ್ದೆ, ಸ್ವಲ್ಪ ಕಾಯಬೇಕು ಅಂತ’ ಎಂದು ಮಾಮ ಎರಡು ಲೋಟ ಚಹಾ ಕುಡಿದು ಹೋದರು.

ಇವತ್ತು ಬೆಳಿಗ್ಗೆ ಮೊದಲ ಕೆಲಸ ಶುರುಮಾಡಿದೆ. ರಸ್ತೆಯ ಕೊನೆಯಲ್ಲಿ ಬೇಕರಿ ನಡೆಸುವ ಹೆಂಗಸು ಹಿಂದಿನ ಅಂಗಳದಲ್ಲಿ ಒಲೆಮನೆ ಕಟ್ಟಿಸುತ್ತಾಳಂತೆ, ಅದರ ನಕ್ಷೆ ನನಗೆ ಒಪ್ಪಿಸಿದ್ದಾಳೆ. ಇಡೀ ಕಟ್ಟಡವನ್ನು ಪರದೆಯ ಮೇಲೆ ಅತ್ತಿತ್ತ ತಿರುಗಿಸಿದೆ, ಎಲ್ಲೂ ಮುಗ್ಗರಿಸಲಿಲ್ಲ. ನಕ್ಷೆಯ ಮೂಲೆಯಲ್ಲಿ ‘ಬರೆದವರು’ ಎಂಬ ಚೌಕ ಇರುತ್ತದೆಯಲ್ಲ, ಇಷ್ಟು ವರ್ಷ ಅಲ್ಲಿ ಸಾಹೇಬರ ಹೆಸರು ತುಂಬಿಸಿ ತುಂಬಿಸಿ ಕೈಗೆ ರೂಢಿಯಾಗಿತ್ತು. ಮೊದಲ ಅಕ್ಷರ ಅದೇ ಬಂತು. ಅಳಿಸಿ ನನ್ನದು ಬರೆದೆ.

ಗೊರಕೆ ಮಹಾಶಯರಿಗೂ ಉಳಿದ ಜೊತೆಗಾರರಿಗೂ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಮರೆಯಬೇಡ. ಅಮ್ಮ ನಿನ್ನನ್ನು ಕೇಳಿದ್ದಾಳೆ. ಕೋಪ ಬಂದರೂ ಪರವಾಗಿಲ್ಲ, ಮನಸ್ಸಿನಲ್ಲಿ ಒಂದು ಆಶೀರ್ವಾದ ಮಾಡು.

ಇಂತಿ,
ನಿನ್ನಿಂದಲೇ ಹಟ ಕಲಿತ
ಮಗಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ, ಬೇರೆಯವರ ಬಾಯಲ್ಲಿ ನೀನು ಕೇಳಬಾರದು. ಈಗಷ್ಟೇ ಸಾಹೇಬರ ಫೋನ್ ಬಂದಿತ್ತು. ನಾಳೆಯಿಂದ ಬಾ, ಆಸ್ಪತ್ರೆ ನಕ್ಷೆ ಯಾರ ಕೈಲೂ ಆಗ್ತಿಲ್ಲ ಎಂದರು. ಬರುವುದಿಲ್ಲ ಎಂದೆ. ‘ನಿಮ್ಮಪ್ಪ ನನ್ನ ಸೈಟಲ್ಲಿದಾನೆ, ಯೋಚನೆ ಮಾಡಿ ಮಾತಾಡು’ ಎಂದರು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೂ ಮತ್ತೆ ಅದನ್ನೇ ಹೇಳಿದೆ, ನಿನ್ನನ್ನು ಕೇಳದೆಯೇ ಹೇಳಿದೆ. ಅವರು ಕರೆದು ಏನಾದರೂ ಅಂದರೆ ನನ್ನ ಪರವಾಗಿ ಕೈಮುಗಿಯಬೇಡ ಅಪ್ಪ. ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಬಂದುಬಿಡು. ಒಲೆಮನೆಯ ಬಾಗಿಲು ಕಿಟಕಿ ಯಾರ ಕೈಲಿ ಮಾಡಿಸಲಿ ಎಂದು ಬೇಕರಿಯಾಕೆ ಕೇಳಿದ್ದಾಳೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.