ರೇಣುಕ ಆಟಕ್ಕಿಳಿದ ದಿನ

ನನ್ನ ಮಂಗಳಕ್ಕನಿಗೆ,

ನೀನು ಹೋಗಿ ಎಂಟು ವರ್ಷವಾಯಿತು. ಇಷ್ಟು ದಿನ ನಿನಗೆ ಬರೆಯಲು ಧೈರ್ಯ ಬಂದಿರಲಿಲ್ಲ. ಈಗ ಬಂದಿದೆ ಎಂದೂ ಹೇಳಲಾರೆ.

ಅಜ್ಜಂಪುರದ ಶಾಲೆಯ ಜಗುಲಿಯಲ್ಲಿ ನೀನು ಬಿದ್ದದ್ದು ನಿನಗೆ ನೆನಪಿರಲಾರದು. ನನಗಿದೆ. ನೀನು ನಾಲ್ಕನೇ ಕ್ಲಾಸು, ನಾನು ಎರಡನೆಯದು. ಪ್ರಾರ್ಥನೆಗೆ ನಿಂತಿದ್ದ ನೀನು ಇದ್ದಕ್ಕಿದ್ದಂತೆ ಉರುಳಿದೆ. ಕೈಕಾಲು ಸೆಟೆದು, ಬಾಯಲ್ಲಿ ನೊರೆ... ಮಕ್ಕಳೆಲ್ಲ ಸರಿದರು. ಎಲ್ಲರಿಗಿಂತ ದೂರ ಓಡಿದವಳು ನಾನು. "ಅದು ನಿಮ್ಮಕ್ಕ ಅಲ್ವೇನೇ?" ಎಂದು ಯಾರೋ ಕೇಳಿದಾಗ ಅಲ್ಲ ಎಂದು ತಲೆಯಾಡಿಸಿದೆ. ಇದನ್ನು ಅವ್ವನಿಗೂ ಹೇಳಿಲ್ಲ.

ಮಾರನೇ ದಿನ ಮೇಷ್ಟ್ರು ಅಪ್ಪನನ್ನು ಕರೆಸಿ, ಬೇರೆ ಮಕ್ಕಳು ಹೆದರುತ್ತಾರೆ, ಹುಡುಗಿ ಮನೆಯಲ್ಲೇ ಇರಲಿ ಎಂದರು. ಅಪ್ಪ ಎದುರಾಡದೆ ನಿನ್ನ ಸ್ಲೇಟು ಎತ್ತಿಕೊಂಡು ಬಂದ. ಆಮೇಲೆ ದಿನಾ ಸಂಜೆ, ಇವತ್ತು ಯಾವ ಪಾಠವಾಯಿತು ಎಂದು ನೀನು ಕೇಳುತ್ತಿದ್ದೆ. ಪಕ್ಕ ಕೂರಲು ಹೆದರಿ ನಾನು ನಿಂತುಕೊಂಡೇ ಹೇಳುತ್ತಿದ್ದೆ. ಗೊತ್ತಾಗುತ್ತಿತ್ತಾ ನಿನಗೆ? ನಿನ್ನ ಹದಿನೇಳನೇ ವಯಸ್ಸಿಗೆ, ನೀರು ಸೇದಲು ಒಬ್ಬಳೇ ಹೋದಾಗ ಮೂರ್ಛೆ ಬಂದು ಬಾವಿಗೆ... ಅದನ್ನು ಬರೆಯಲಾರೆ.

ಟಿಸಿಎಚ್ ತರಬೇತಿ ಮುಗಿಸಿ ನಾನು ತರೀಕೆರೆ ಹತ್ತಿರದ ಹಳ್ಳಿಯೊಂದರ ಶಾಲೆಗೆ ಟೀಚರಾಗಿ ಬಂದೆ. ಈ ಜೂನಿನಲ್ಲಿ ಒಬ್ಬ ತಾಯಿ ಹತ್ತು ವರ್ಷದ ಮಗಳು ರೇಣುಕಳನ್ನು ನನ್ನ ಕ್ಲಾಸಿಗೆ ಸೇರಿಸಲು ಬಂದಳು. ಮಗಳಿಗೆ ಮೂರ್ಛೆ ಬರುತ್ತದೆ, ಹಿಂದಿನ ಶಾಲೆಯಲ್ಲಿ ಬೇಡವೆಂದರು ಎಂದು ತಲೆ ತಗ್ಗಿಸಿ ಹೇಳಿದಳು. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳಿಗೆ ಅಪ್ಪ ಸ್ಲೇಟು ಹಿಡಿದು ನಡೆದು ಬಂದದ್ದು ಕಣ್ಣಿಗೆ ಕಟ್ಟಿತು. ಹೆಸರು ಬರೆದುಕೊಂಡೆ. ತರೀಕೆರೆಯ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ದಿನಾ ನುಂಗಲು ಮಾತ್ರೆ ಕೊಟ್ಟರು. ಬಿದ್ದರೆ ಮಗ್ಗುಲಿಗೆ ತಿರುಗಿಸಿ, ತಲೆಯಡಿ ಮೆತ್ತಗಿನದೇನಾದರೂ ಇಡಿ, ಬಾಯಿಗೇನೂ ತುರುಕಬೇಡಿ ಎಂದರು. ಇಷ್ಟೇನಾ ಅಕ್ಕಾ? ಇಷ್ಟು ಸಾಕಿತ್ತಾ?

ಸೇರಿಸಿಕೊಂಡೆನೇ ಹೊರತು ಭಯ ಬಿಡಲಿಲ್ಲ. ಅವಳನ್ನು ನನ್ನ ಮೇಜಿನ ಪಕ್ಕವೇ ಕೂರಿಸಿದೆ. ಅವಳ ರೆಪ್ಪೆ ಅದುರಿದರೂ ಪಾಠ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದೆ. ಆಟದ ಪೀರಿಯಡ್ಡಿನಲ್ಲಿ ಎಲ್ಲರ ಚೀಲ ಕಾಯಲು ಬಿಡುತ್ತಿದ್ದೆ. ಒಂದು ದಿನ ಅವಳೇ ಕೇಳಿದಳು:

"ಮಿಸ್, ಬಿದ್ದಾಗ ಆಟಕ್ಕೆ ಸೇರ್ಸಲ್ಲ, ಸರಿ. ಬೀಳ್ದೇ ಇದ್ದಾಗ್ಲೂ ಯಾಕೆ ಸೇರ್ಸಲ್ಲ?"

ನಿನ್ನನ್ನು ಮನೆಗೆ ಕಳಿಸಿದ ಮೇಷ್ಟ್ರಿಗೂ ನನಗೂ ಏನು ವ್ಯತ್ಯಾಸ?

ಹೋದ ತಿಂಗಳು ಖೊಖೊ ಆಡಲು ಬಿಟ್ಟೆ. ನಾಲ್ಕನೇ ದಿನ, ಓಡುತ್ತಿದ್ದವಳು ನಡು ಮೈದಾನದಲ್ಲಿ ಬಿದ್ದಳು. ಸುಳ್ಳು ಹೇಳುವುದಿಲ್ಲ ಅಕ್ಕಾ, ನನ್ನ ಕಾಲು ಎರಡು ಹೆಜ್ಜೆ ಹಿಂದಕ್ಕೇ ಹೋಯಿತು. ಆಮೇಲೆ ಹೇಗೋ ಹೋಗಿ ಕೂತೆ. ಮಗ್ಗುಲಿಗೆ ತಿರುಗಿಸಿ, ತಲೆಯಡಿ ಸೆರಗು ಮಡಿಸಿಟ್ಟೆ. ಮಕ್ಕಳು ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದರು. ನನಗೂ ಹೆದರಿಕೆಯೇ, ಆದರೂ ಹತ್ತಿರ ಬನ್ನಿ ಎಂದು ಕರೆದೆ. ಗಿರಿಜ ಎಂಬ ಹುಡುಗಿ ಒಬ್ಬಳೇ ಬಂದು ಪಕ್ಕದಲ್ಲಿ ಕೂತಳು. ಎಷ್ಟು ಹೊತ್ತೋ... ಸೆಟೆತ ಇಳಿಯಿತು. ರೇಣುಕ ಕಣ್ಣು ಬಿಟ್ಟು ಸುತ್ತ ನೋಡಿದಳು.

"ನಾನು ಔಟಾ?"

"ಇಲ್ಲ ಕಣೇ, ನಿನ್ನ ಯಾರೂ ಮುಟ್ಟಿರ್ಲಿಲ್ಲ" ಎಂದು ಗಿರಿಜ ಅವಳ ಕೈ ಹಿಡಿದುಕೊಂಡಳು.

ನಾಳೆ ಕಡೂರಿನಲ್ಲಿ ಪಂದ್ಯವಿದೆ. ಮಾತ್ರೆ ತಪ್ಪಿಸದಿದ್ದರೆ, ಜೊತೆಗೆ ಯಾರಾದರೂ ಇದ್ದರೆ ಆಡಲಿ ಎಂದಿದ್ದಾರೆ ಡಾಕ್ಟರು. ತಂಡದ ಪಟ್ಟಿಯಲ್ಲಿ ಮೂರನೇ ಹೆಸರು ರೇಣುಕಳದು. ಹೆಡ್‌ಮಾಸ್ಟರು ಪೆನ್ನಿನ ತುದಿಯನ್ನು ಆ ಹೆಸರಿನ ಮೇಲಿಟ್ಟರು. ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದರು. ನಾನು ಎಂದೆ. ಅವರು ಸಹಿ ಹಾಕಿದರು.