ದೇವಸಮುದ್ರದಿಂದ ಹೊರಟ ಬಸ್ಸು

ಗೋವರ್ಧನನ ಅಪ್ಪನಿಗೆ,

ಇದನ್ನು ಕಳಿಸುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ನಿನ್ನೆ ನಿಮ್ಮ ಮಕ್ಕಳಿಬ್ಬರೂ ದೇವಸಮುದ್ರದಲ್ಲಿ ನಿಂತಿದ್ದ ಬಸ್ಸನ್ನೇ ಕದ್ದರು. ಹದಿನೇಳರ ಗೋವರ್ಧನ ಓಡಿಸಿದ. ಹನ್ನೊಂದರ ತಿಪ್ಪೇಶ ಬಾಗಿಲಲ್ಲಿ ನಿಂತು ಸೀಟಿ ಊದಿ ಜನರನ್ನೂ ಹತ್ತಿಸಿಕೊಂಡ.

ದಾರಿಯಲ್ಲೇ ಪೊಲೀಸರಿಗೆ ಸಿಕ್ಕಿಬಿದ್ದರು. ಠಾಣೆಯಲ್ಲಿ ನನ್ನೆದುರೇ ಎಸ್‌ಐ ದೊಡ್ಡವನನ್ನು ಗದರಿದರು. "ಚಿಕ್ಕ ಹುಡುಗನ್ನ ಕೆಡಿಸ್ತೀಯೇನಲೇ?"

ಗೋವರ್ಧನ ಅಳುತ್ತಾ ತಮ್ಮನನ್ನು ತೋರಿಸಿದ. "ಅವನೇ ಹೇಳ್ದ ಸಾರ್. ಬೇಡ ಅಂದ್ರೂ ಕೇಳಲಿಲ್ಲ."

"ಜನರನ್ನ ಯಾಕೋ ಹತ್ತಿಸ್ಕೊಂಡೆ?" ಎಂದು ತಿಪ್ಪೇಶನನ್ನು ಕೇಳಿದರು.

"ಖಾಲಿ ಬಸ್ ಹೋದ್ರೆ ಅನುಮಾನ ಬರ್ತೈತೆ ಸಾರ್."

ಎಸ್‌ಐ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಎಲ್ಲಿಗೆ ಹೊರಟಿದ್ದಿರಿ ಎಂದಾಗ ತಿಪ್ಪೇಶ, "ಬಳ್ಳಾರಿಗೆ. ಅಪ್ಪನ್ನ ಕರ್ಕೊಂಬರಾಕೆ," ಎಂದ.

ನಿಮಗೆ ಬಳ್ಳಾರಿಯಲ್ಲಿ ಕೆಲಸ ಎಂದು ಮಕ್ಕಳಿಗೆ ಹೇಳಿದ್ದವಳು ನಾನೇ. ಇಲ್ಲೇ ಹತ್ತಿರದ ಚಳ್ಳಕೆರೆಯಲ್ಲಿ ಇನ್ನೊಂದು ಸಂಸಾರ ಹೂಡಿದ್ದೀರಿ ಎಂದು ನಿನ್ನೆಯೂ ಹೇಳಲಾಗಲಿಲ್ಲ.

ಗಂಗಲಕ್ಷ್ಮಿ