ಚಿಕ್ಕ ಕಪ್ಪುಕುಳಿಯೂ ಪುಣೆಯ ಕಾಗದವೂ

ಮುಳಬಾಗಿಲು
೧೭-೧೧-೨೦೦೩

ಚಿ. ಮೃದುಲಾ, ತಾತನ ಆಶೀರ್ವಾದಗಳು.

ಕೆಮ್ಮು ಹೇಗಿದೆ? ಮೈಸೂರಿನ ಚಳಿಗೆ ಕಿವಿ ಮುಚ್ಚಿಕೋ. ನಿನ್ನ ಸೋದರತ್ತೆ ವೆಂಕಟರತ್ನ ಎರಡು ಹೊತ್ತೂ ಉಪ್ಪಿಟ್ಟೇ ಮಾಡುತ್ತಿದ್ದರೆ ತಿಳಿಸು, ಮಗಳೆಂದು ನೋಡದೆ ಬೈದು ಬರೆಯುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿ ಸೋತಿದೆ, ಬಾಯಿ ಸೋತಿಲ್ಲ.

ನಿನ್ನ ಪತ್ರ ಓದಿ ಸಂಕಟವಾಯಿತು. ದೀಪಾವಳಿಗೆ ಬಂದವಳು ಬಸ್ ಹತ್ತುವಾಗ, ಸಂಶೋಧನೆ ಬಿಟ್ಟು ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರುತ್ತೇನೆಂದು ಪುಣೆಯ ಗೈಡ್‌ಗೆ ಬರೆದ ಕಾಗದವನ್ನು ಅಂಚೆಗೆ ಹಾಕಲು ನನ್ನ ಕೈಗಿತ್ತೆ. ಮೂರು ವಾರವಾದರೂ ಅವರು ಏಕೆ ಎಂದು ಒಂದು ಮಾತೂ ಕೇಳಲಿಲ್ಲ, ನಾನು ಅಷ್ಟು ಬೇಡವಾದೆನೇ ಎಂದು ಬರೆದಿದ್ದೀಯ. ಹಾಗೆಂದುಕೊಳ್ಳಬೇಡಮ್ಮ.

ಜಗಲಿಯಲ್ಲಿ ಕೂತು ನನಗೆ ಎಷ್ಟೆಲ್ಲ ಹೇಳಿದ್ದೆ! ನಿನ್ನ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಚಿಕ್ಕದಂತೆ. ಎಷ್ಟು ಚಿಕ್ಕದೆಂದರೆ ಹತ್ತು ಲಕ್ಷ ಸೂರ್ಯರ ತೂಕ! ಅದನ್ನು ಚಿಕ್ಕದೆನ್ನಲು ನಿನ್ನಂಥ ಗಟ್ಟಿಗಿತ್ತಿಯೇ ಬೇಕು. ಅದರೊಳಕ್ಕೆ ಬೀಳುವ ಬಿಸಿ ಅನಿಲದಿಂದ ಹೊರಡುವ ಎಕ್ಸ್‌ರೇ ಗಂಟೆಗಳಲ್ಲೇ ಏರಿ ಇಳಿಯುತ್ತದೆ, ದೊಡ್ಡ ಕುಳಿಗಳಾದರೆ ದಿನಗಳು, ತಿಂಗಳುಗಳು ಬೇಕು ಎಂದೆ. ಗೈಡ್ ಮಾತ್ರ ಇದು ಉಪಗ್ರಹದ ಯಂತ್ರದ ದೋಷವಿರಬೇಕು ಎಂದುಬಿಟ್ಟರಂತೆ. ಒಳಗಿನಿಂದ ಕೇಳಿಸಿಕೊಂಡ ಅಜ್ಜಿ, “ಚಿಕ್ಕ ಪಾತ್ರೇಲಿ ಹಾಲು ಬೇಗ ಉಕ್ಕತ್ತೆ ಕಣೇ, ಅದಕ್ಕೆ ಒಲೆ ಕೆಟ್ಟಿದೆ ಅಂತಾರಾ?” ಎಂದಳು. ಆ ಮೂರು ದಿನದಲ್ಲಿ ನೀನು ನಕ್ಕದ್ದು ಅದೊಂದೇ ಸಲ.

ಅಂಚೆಕಚೇರಿಯಲ್ಲಿ ಮುದ್ರೆ ಒತ್ತಿ ಮುದುಕನಾದವನಿಗೆ ಆಕಾಶದ ಸಂಗತಿ ಏನು ಗೊತ್ತು ಎನ್ನಬೇಡ. ಅದೇ ಗ್ಯಾಲಕ್ಸಿಯನ್ನು ಇನ್ನೊಂದು ಉಪಗ್ರಹ ನೋಡಿದ ಅಂಕಿಅಂಶ ಈ ತಿಂಗಳ ಕೊನೆಗೆ ಬರುತ್ತದೆ, ಅಲ್ಲೂ ಹಾಗೇ ಏರಿಳಿದರೆ ದೋಷ ಯಂತ್ರದ್ದಲ್ಲ ಎಂದವಳು ನೀನೇ. ಎರಡು ವರ್ಷ ದುಡಿದವಳಿಗೆ ಇನ್ನು ಹದಿಮೂರು ದಿನ ಹೆಚ್ಚಾಯಿತೇ? ಕಾಲೇಜಿನಲ್ಲಿ ಪಾಠ ಹೇಳುವುದು ಕೀಳು ಕೆಲಸವಲ್ಲ. ಆದರೆ ನೀನು ಅಳುತ್ತಾ ಅದಕ್ಕೆ ಹೋಗುವುದನ್ನು ನಾನು ನೋಡಲಾರೆ.

ವೆಂಕಟರತ್ನಳಿಗೂ ಮಕ್ಕಳಿಗೂ ನಮ್ಮ ಆಶೀರ್ವಾದ ಹೇಳು. ಹೊತ್ತುಹೊತ್ತಿಗೆ ಊಟ ಮಾಡು. ಕುರುಡುಮಲೆ ಗಣಪ ನಿನ್ನ ಕೈ ಬಿಡುವುದಿಲ್ಲ.

ನಿನ್ನ ತಾತ,
ಸುಬ್ರಹ್ಮಣ್ಯ

ವಿ.ಸೂ.: ಗೈಡ್ ಅವರನ್ನು ಬೈದುಕೊಳ್ಳಬೇಡ. ನಿನ್ನ ಕಾಗದ ಅವರಿಗೆ ತಲುಪಿಯೇ ಇಲ್ಲ, ಒಡೆಯದೆ ನನ್ನ ಪಂಚಾಂಗದೊಳಗಿದೆ. ಅವರ ಪಾಲಿಗೆ ನೀನಿನ್ನೂ ರಜೆಯಲ್ಲಿದ್ದೀಯ. ಪುಣೆಗೆ ಹೋಗಿ ಆ ಅಂಕಿಅಂಶ ನೋಡು. ಆಮೇಲೂ ಬಿಡುವುದೇ ಸರಿ ಎನಿಸಿದರೆ ಒಂದು ಸಾಲು ಬರೆ, ಅಂದೇ ರಿಜಿಸ್ಟರ್ ಮಾಡಿ ಕಳಿಸುತ್ತೇನೆ. ಅಜ್ಜಿಗೆ ಇದು ಗೊತ್ತಿಲ್ಲ, ಬೈಯುವುದಾದರೆ ನನ್ನನ್ನೇ ಬೈ. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಯಾರ ಕಾಗದವನ್ನೂ ಒಂದು ದಿನ ತಡೆದವನಲ್ಲ, ನಿನ್ನದೊಂದನ್ನು ತಡೆದೆ.